ವಿಲ್ಮಾ ರುಡಾಲ್ಫ್ ಮತ್ತು ಛಲದ ಕತೆ

ವಿಲ್ಮಾ ರುಡಾಲ್ಫ್ ಹೆಸರು ಕೇಳದ ಕನ್ನಡ ಓದುಗರು ಕಡಿಮೆ. ವ್ಯಕ್ತಿತ್ವ ವಿಕಸನದ ಪುಸ್ತಕಗಳು, ಶಾಲೆಯ ಪ್ರಾರ್ಥನಾ ಸಭೆಗಳು, ಪತ್ರಿಕೆಗಳ ಸ್ಫೂರ್ತಿ ಅಂಕಣಗಳು ಆಕೆಯ ಕತೆಯನ್ನು ಮತ್ತೆ ಮತ್ತೆ ಹೇಳಿವೆ. ಬಡ ಕರಿಯ ಕುಟುಂಬದ ಹುಡುಗಿ, ಪೋಲಿಯೋ, ಕಾಲಿಗೆ ಕಬ್ಬಿಣದ ಪಟ್ಟಿ, ನಡೆಯಲಾರಳು ಎಂದ ವೈದ್ಯರು, ನಡೆದೇ ನಡೆಯುತ್ತಾಳೆ ಎಂದ ತಾಯಿ, ಕೊನೆಗೆ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ. ಈ ಕತೆಯಲ್ಲಿ ಸುಳ್ಳು ಹೆಚ್ಚಿಲ್ಲ. ನನ್ನ ತಕರಾರಿರುವುದು ಅದು ಎಲ್ಲಿ ನಿಂತುಬಿಡುತ್ತದೆ, ಯಾರನ್ನು ಕೈಬಿಡುತ್ತದೆ ಎನ್ನುವುದರಲ್ಲಿ. 54 ವರ್ಷ ಬಾಳಿದ ಒಬ್ಬ ಹೆಣ್ಣುಮಗಳ ಬದುಕನ್ನು ಇಪ್ಪತ್ತಕ್ಕೇ ಮುಗಿಸಿ, ಅಲ್ಲಿಯವರೆಗಿನದ್ದನ್ನೆಲ್ಲ ಛಲ ಎಂಬ ಒಂದೇ ಗುಣದ ಲೆಕ್ಕಕ್ಕೆ ಬರೆಯುವ ಈ ನಿರೂಪಣೆ ಆಕೆಗೆ ಮಾಡುತ್ತಿರುವುದು ಗೌರವವಲ್ಲ ಎಂಬುದು ನನ್ನ ವಾದ.

ಮೊದಲು ವೈದ್ಯ ಮತ್ತು ತಾಯಿಯ ಪ್ರಸಂಗ. ವಿಜ್ಞಾನ ಕೈಚೆಲ್ಲಿತು, ತಾಯಿಯ ನಂಬಿಕೆ ಗೆದ್ದಿತು ಎಂಬಂತೆ ಇದನ್ನು ಹೇಳುವುದು ರೂಢಿ. ನಡೆದದ್ದನ್ನು ನೋಡಿ. ಟೆನೆಸ್ಸಿ ರಾಜ್ಯದ ಕ್ಲಾರ್ಕ್ಸ್‌ವಿಲ್‌ನಲ್ಲಿ ಕರಿಯರ ಮಗುವಿಗೆ ಸರಿಯಾದ ಚಿಕಿತ್ಸೆ ಸಿಗುತ್ತಿರಲಿಲ್ಲ, ಏಕೆಂದರೆ ಅಲ್ಲಿನ ವೈದ್ಯಕೀಯ ವ್ಯವಸ್ಥೆಯೇ ಬಣ್ಣ ನೋಡಿ ಬಾಗಿಲು ತೆರೆಯುತ್ತಿತ್ತು. ಬಿಳಿಯರ ಮನೆಗಳಲ್ಲಿ ಕೆಲಸ ಮಾಡುತ್ತಿದ್ದ ತಾಯಿ ಬ್ಲಾಂಚ್, ಮಗಳನ್ನು ಕರೆದುಕೊಂಡು ಸುಮಾರು 80 ಕಿಲೋಮೀಟರ್ ದೂರದ ನ್ಯಾಶ್‌ವಿಲ್‌ಗೆ ವಾರ ವಾರವೂ ಬಸ್ಸಿನಲ್ಲಿ ಹೋಗಿಬಂದರು, ಅದೂ ಎರಡು ವರ್ಷ. ಹೋಗುತ್ತಿದ್ದದ್ದು ಕರಿಯ ವೈದ್ಯರನ್ನು ರೂಪಿಸುತ್ತಿದ್ದ ಮೆಹಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ. ಕಾಲನ್ನು ಹೇಗೆ ನೀವಬೇಕೆಂದು ಅಲ್ಲಿ ಕಲಿತು ಬಂದು ಮನೆಯವರಿಗೂ ಕಲಿಸಿದರು. ಅಣ್ಣಂದಿರು, ಅಕ್ಕಂದಿರು ಸರದಿಯ ಮೇಲೆ ದಿನಕ್ಕೆ ನಾಲ್ಕು ಹೊತ್ತು ಆ ಕಾಲನ್ನು ನೀವಿದರು. ಇಲ್ಲಿ ವೈದ್ಯಕ್ಕೂ ತಾಯಿಗೂ ಜಗಳವೇ ಇಲ್ಲ. ಬ್ಲಾಂಚ್ ವೈದ್ಯವನ್ನು ಧಿಕ್ಕರಿಸಲಿಲ್ಲ, ತಮ್ಮ ಊರು ಕೊಡದ ವೈದ್ಯವನ್ನು ಹುಡುಕಿಕೊಂಡು ಹೋದರು. ಎದುರಾಳಿಯಾಗಿದ್ದದ್ದು ವರ್ಣಭೇದ. ಜನಪ್ರಿಯ ಕತೆ ಆ ಎದುರಾಳಿಯನ್ನು ಅಳಿಸಿ ಆ ಜಾಗದಲ್ಲಿ ಒಬ್ಬ ನಿರಾಶಾವಾದಿ ವೈದ್ಯನನ್ನು ನಿಲ್ಲಿಸಿದೆ. ಸಾಮಾಜಿಕ ಅನ್ಯಾಯವೊಂದು ಹೀಗೆ ಬರಿಯ ಮನೋಬಲದ ಪರೀಕ್ಷೆಯಾಗಿ ಕುಗ್ಗಿಹೋಗುತ್ತದೆ.

ಎರಡನೆಯದು, ಕಾಲಿನ ಪಟ್ಟಿ ಬಿಚ್ಚಿದ್ದಕ್ಕೂ ರೋಮ್‌ಗೂ ನಡುವಿನ ವರ್ಷಗಳು. ಕತೆ ಇವನ್ನು ಒಂದೇ ನೆಗೆತಕ್ಕೆ ದಾಟಿಬಿಡುತ್ತದೆ. ನನ್ನ ಮಟ್ಟಿಗೆ ವಿಲ್ಮಾ ಬದುಕಿನ ತಿರುಳು ಇರುವುದೇ ಇಲ್ಲಿ. ಟೆನೆಸ್ಸಿ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಎಡ್ ಟೆಂಪಲ್ ಎಂಬ ತರಬೇತುದಾರ ಟೈಗರ್‌ಬೆಲ್ಸ್ ಎಂಬ ಹೆಣ್ಣುಮಕ್ಕಳ ತಂಡ ಕಟ್ಟಿದ್ದರು. ಓಡುವ ಹುಡುಗಿಯರಿಗೆ ಕ್ರೀಡಾ ವಿದ್ಯಾರ್ಥಿವೇತನ ಇಲ್ಲದ ಕಾಲ. ಅವರು ಕ್ಯಾಂಪಸ್ಸಿನಲ್ಲೇ ದಿನಕ್ಕಿಷ್ಟು ಹೊತ್ತು ಕೆಲಸ ಮಾಡಿ ಓದಿನ ಖರ್ಚು ತೂಗಿಸಿಕೊಳ್ಳುತ್ತಿದ್ದರು. ತರಗತಿ, ದುಡಿಮೆ, ಅಭ್ಯಾಸ ಮೂರೂ ಒಂದೇ ದಿನದಲ್ಲಿ. ಅದನ್ನು ಆಟದ ಮೈದಾನ ಎನ್ನುವುದಕ್ಕಿಂತ ಕೆಲಸದ ಜಾಗ ಎನ್ನುವುದೇ ಹೆಚ್ಚು ಸರಿ. ಹಿರಿಯರು ಕಿರಿಯರನ್ನು ತಿದ್ದುವ, ಕಸುಬು ಕೈಯಿಂದ ಕೈಗೆ ದಾಟುವ ಜಾಗ ಅದು.

ಹಾಗೆ ದಾಟಿಸಿದವರಲ್ಲಿ ಮೊದಲ ಹೆಸರು ಮೇ ಫ್ಯಾಗ್ಸ್. 1948, 1952, 1956, ಹೀಗೆ ಮೂರು ಒಲಿಂಪಿಕ್ಸ್ ಓಡಿದ ಈಕೆ ತಂಡದ ಹಿರಿಯಕ್ಕ. 1956ರಲ್ಲಿ ಇನ್ನೂ ಹೈಸ್ಕೂಲಿನಲ್ಲಿದ್ದ, ಗೆದ್ದರೆ ಯಾರಿಗೆ ಬೇಸರವಾಗುವುದೋ ಎಂದು ಹಿಂಜರಿಯುತ್ತಿದ್ದ ವಿಲ್ಮಾಳ ಬೆನ್ನಿಗೆ ನಿಂತು, ಅರ್ಹತಾ ಸ್ಪರ್ಧೆಯಲ್ಲಿ ತನ್ನ ಸಮಕ್ಕೆ ಓಡುವಂತೆ ಹುರಿದುಂಬಿಸಿದವರು ಮೇ. ತಮ್ಮ ಸ್ಥಾನಕ್ಕೇ ಕುತ್ತು ತರಬಲ್ಲ ಹುಡುಗಿಗೆ ದಾರಿ ತೋರಿಸುವ ಈ ಔದಾರ್ಯ ಸಣ್ಣದಲ್ಲ. ಆ ವರ್ಷ ಮೆಲ್ಬರ್ನ್‌ನಲ್ಲಿ ಇಬ್ಬರೂ ಒಂದೇ ರಿಲೇ ತಂಡದಲ್ಲಿ ಓಡಿ ಕಂಚು ತಂದರು. ಆಗ ವಿಲ್ಮಾಗೆ 16. ಏಕಾಂಗಿ ಛಲದ ಕತೆಯಲ್ಲಿ ಮೇ ಫ್ಯಾಗ್ಸ್‌ಗೆ ಜಾಗ ಇಲ್ಲ. ಮೇ ಇಲ್ಲದೆ ವಿಲ್ಮಾ ಬದುಕು ಅರ್ಥವಾಗುವುದೂ ಇಲ್ಲ.

ಮೂರನೆಯದು, ಕತೆ ಬೇಕೆಂದೇ ನುಂಗಿಕೊಳ್ಳುವ ಸಂಗತಿ. 1958ರಲ್ಲಿ ಹೈಸ್ಕೂಲು ಮುಗಿಯುವ ಹೊತ್ತಿಗೆ ವಿಲ್ಮಾ ಮದುವೆಯಾಗದ ತಾಯಿ. ಮಗಳು ಯೋಲಾಂಡಾ ಹುಟ್ಟಿದ್ದು ಆ ವರ್ಷವೇ. ಮಕ್ಕಳಿಗೆ ಹೇಳುವ ಕತೆಯಲ್ಲಿ ಇದು ಬೇಡ ಎಂಬ ಮುಜುಗರ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. ತಾಯಂದಿರನ್ನು ತಂಡಕ್ಕೆ ಸೇರಿಸಿಕೊಳ್ಳುವುದಿಲ್ಲ ಎಂಬುದು ಟೆಂಪಲ್ ಅವರ ನಿಯಮವಾಗಿತ್ತು. ವಿಲ್ಮಾಗಾಗಿ ಅದನ್ನು ಸಡಿಲಿಸಿದರು. ಮಗುವನ್ನು ಮನೆಯವರು ನೋಡಿಕೊಂಡರು, ಆಕೆ ಕಾಲೇಜು ಸೇರಿದಳು, ಓಡಿದಳು. ಎರಡು ವರ್ಷಕ್ಕೆ ರೋಮ್. ಒಂದು ನಿಯಮ ಸಡಿಲದಿದ್ದರೆ, ಮನೆಯವರು ಮಗುವನ್ನು ಎತ್ತಿಕೊಳ್ಳದಿದ್ದರೆ ಆ ಮೂರು ಚಿನ್ನವೂ ಇಲ್ಲ. ಹಾಗೆ ಎತ್ತಿಕೊಳ್ಳುವವರಿಲ್ಲದೆ ಓಟ ನಿಲ್ಲಿಸಿದ ಹುಡುಗಿಯರಲ್ಲಿ ಛಲ ಕಡಿಮೆ ಇತ್ತೆಂದು ಯಾರು ಹೇಳಬಲ್ಲರು? ಎಳೆ ಮಗುವಿನ ತಾಯಿಯನ್ನು ಮರೆಮಾಚಿ ತಾಯ್ತನದ ಮಹಿಮೆಯನ್ನೆಲ್ಲ ಬ್ಲಾಂಚ್‌ಗೇ ಕೊಟ್ಟುಬಿಡುವ ಕತೆ ಈ ಪ್ರಶ್ನೆಯಿಂದ ನುಣುಚಿಕೊಳ್ಳುತ್ತದೆ.

ಇನ್ನು ಓಟ. ಓಟಗಾರ್ತಿಯ ಕತೆಯಲ್ಲಿ ಓಟವೇ ಕಾಣುವುದಿಲ್ಲ ಎಂಬುದು ನನ್ನ ದೊಡ್ಡ ದುಃಖ. ರೋಮ್‌ಗೆ ಹೋದಾಗ ವಿಲ್ಮಾ ಯಾರೂ ನಿರೀಕ್ಷಿಸದ ಅಚ್ಚರಿಯ ಸ್ಪರ್ಧಿಯಾಗಿರಲಿಲ್ಲ. ಅದೇ ಜುಲೈನಲ್ಲಿ 200 ಮೀಟರನ್ನು 22.9 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಬರೆದಿದ್ದಳು. ರೋಮ್‌ನ 100 ಮೀಟರ್ ಸೆಮಿಫೈನಲ್‌ನಲ್ಲಿ 11.3 ಸೆಕೆಂಡಿನೊಂದಿಗೆ ವಿಶ್ವದಾಖಲೆ ಸರಿಗಟ್ಟಿದಳು. ಫೈನಲ್‌ನ 11.0 ಗಾಳಿಯ ನೆರವು ಮಿತಿ ಮೀರಿದ್ದರಿಂದ ದಾಖಲೆಯಾಗಲಿಲ್ಲ, ಆದರೆ ಎರಡನೆಯವರಿಗೂ ಆಕೆಗೂ ನಡುವಿನ ಅಂತರಕ್ಕೆ ಗಾಳಿ ಕಾರಣವಲ್ಲ, ಅದು ಎಲ್ಲರ ಬೆನ್ನಿಗೂ ಬೀಸುತ್ತಿತ್ತು. ರಿಲೇಯಲ್ಲಿ ಬೇಟನ್ ಕೈಸೇರುವಾಗ ಎಡವಟ್ಟಾಗಿ, ಜರ್ಮನಿಯ ಓಟಗಾರ್ತಿಯನ್ನು ಹಿಂದಿನಿಂದ ಹಿಡಿಯಬೇಕಾಯಿತು. ಹಿಡಿದು ದಾಟಿದಳು. ಮರುವರ್ಷ ಸ್ಟುಟ್‌ಗಾರ್ಟ್‌ನಲ್ಲಿ 100 ಮೀಟರನ್ನು 11.2ಕ್ಕೆ ಇಳಿಸಿದಳು. ಸುಮಾರು ಆರಡಿ ಎತ್ತರದ ದೇಹ, ಉದ್ದನೆಯ ದಾಪು, ಓಡುವಾಗ ಎಲ್ಲೂ ಬಿಗಿಯದ ಭುಜ, ಕೊನೆಯ ಮೂವತ್ತು ಮೀಟರಿನಲ್ಲೂ ಒಡೆಯದ ಲಯ: ಇದು ಕಲಿತ ಕುಶಲತೆ. ರೋಗವನ್ನು ಗೆದ್ದವಳೆಂದಷ್ಟೇ ನೋಡುವ ಕಣ್ಣಿಗೆ ಈ ಕುಶಲತೆ ಕಾಣಿಸದು. ಆ ಕಣ್ಣಿನ ಅನುಕಂಪ ಆಕೆಯನ್ನು ಅಥ್ಲೀಟ್ ಎಂದು ಪೂರ್ತಿ ಒಪ್ಪಿಕೊಂಡೇ ಇಲ್ಲ.

ರೋಮ್ ನಂತರ ಏನಾಯಿತು? ಕ್ಲಾರ್ಕ್ಸ್‌ವಿಲ್ ಮೆರವಣಿಗೆ ಮಾಡಲು ಹೊರಟಿತು. ಬಿಳಿಯರು, ಕರಿಯರು ಬೇರೆ ಬೇರೆ ನಿಲ್ಲುವುದಾದರೆ ತಾನು ಬರುವುದಿಲ್ಲ ಎಂದಳು ಇಪ್ಪತ್ತರ ಹುಡುಗಿ. 1960ರ ಅಕ್ಟೋಬರ್ 4ರಂದು ಆ ಊರಿನಲ್ಲಿ ಮೊದಲ ಬಾರಿಗೆ ಎರಡೂ ಬಣ್ಣದವರು ಒಟ್ಟಿಗೆ ಸೇರಿದರು. ಕತೆಗಳು ಹೆಚ್ಚೆಂದರೆ ಇಲ್ಲಿಯವರೆಗೆ ಬರುತ್ತವೆ. ಮೂರು ವರ್ಷ ಕಳೆದ ಮೇಲೂ ಅದೇ ಊರಿನ ಹೋಟೆಲೊಂದು ಕರಿಯರಿಗೆ ಊಟ ಬಡಿಸಲು ಒಪ್ಪುತ್ತಿರಲಿಲ್ಲ, ಅದರ ವಿರುದ್ಧದ ಪ್ರತಿಭಟನೆಯಲ್ಲಿ ವಿಲ್ಮಾ ನಿಂತಿದ್ದಳು ಎಂಬುದರವರೆಗೆ ಬರುವುದಿಲ್ಲ. 1962ರಲ್ಲಿ, ಇನ್ನೂ ಉತ್ತುಂಗದಲ್ಲಿರುವಾಗಲೇ, ಓಟ ಬಿಟ್ಟಳು. ಇದನ್ನು ಅಕಾಲದ ವಿದಾಯ ಎಂದು ಮರುಗುವವರಿದ್ದಾರೆ. ಅಮೆಚೂರ್ ನಿಯಮ ಓಟದಿಂದ ಒಂದು ಕಾಸೂ ದುಡಿಯಲು ಬಿಡುತ್ತಿರಲಿಲ್ಲ. ಸಾಕಬೇಕಾದ ಮಗು ಇತ್ತು, ಮುಗಿಸಬೇಕಾದ ಪದವಿ ಇತ್ತು. ಇವೆರಡನ್ನೂ ಎದುರಿಗಿಟ್ಟುಕೊಂಡು ನೋಡಿದರೆ ಆ ನಿರ್ಧಾರದಲ್ಲಿ ನನಗೆ ಕಾಣುವುದು ವಿವೇಕ. 1963ರಲ್ಲಿ ಪದವಿ ಪಡೆದು ತನ್ನೂರಿಗೇ ಮರಳಿ ಶಾಲೆಯ ಎರಡನೇ ತರಗತಿಗೆ ಪಾಠ ಹೇಳಿದಳು, ತಾನು ಓದಿದ ಬರ್ಟ್ ಹೈಸ್ಕೂಲಿನಲ್ಲೇ ಓಟ ಕಲಿಸಿದಳು. ನಾಲ್ಕು ಮಕ್ಕಳನ್ನು ಬೆಳೆಸಿದಳು. ಮುಂದೆ ಡಿಪಾ ವಿಶ್ವವಿದ್ಯಾಲಯದಲ್ಲಿ ಹೆಣ್ಣುಮಕ್ಕಳ ತಂಡಕ್ಕೆ ತರಬೇತಿ ಕೊಟ್ಟಳು. 1980ರ ದಶಕದಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ತನ್ನ ಹೆಸರಿನ ಪ್ರತಿಷ್ಠಾನ ಕಟ್ಟಿ ಬಡ ಮಕ್ಕಳಿಗೆ ಕ್ರೀಡೆಯ ಜೊತೆ ಓದಿಗೂ ನೆರವು ಕೊಡಲು ದುಡಿದಳು. ಮೇ ಫ್ಯಾಗ್ಸ್ ತನಗೆ ಮಾಡಿದ್ದನ್ನು ಮೂವತ್ತು ವರ್ಷ ಬೇರೆಯವರಿಗೆ ಮಾಡಿದಳು. 1994ರ ನವೆಂಬರ್ 12ರಂದು ಕ್ಯಾನ್ಸರ್‌ನಿಂದ ತೀರಿಕೊಂಡಳು. ಓಡಿದ್ದು ಕೆಲವೇ ವರ್ಷ, ಕಲಿಸಿದ್ದು ಅದಕ್ಕಿಂತ ಎಷ್ಟೋ ಹೆಚ್ಚು.

ಇದಕ್ಕೆ ಬರುವ ಆಕ್ಷೇಪ ನನಗೆ ಗೊತ್ತು, ಅದನ್ನು ಹಗುರವಾಗಿ ತೆಗೆದುಕೊಳ್ಳುವುದೂ ಇಲ್ಲ. ಕಾಲು ಸೋತ ಮಗುವೊಂದಕ್ಕೆ ಈ ಸರಳ ಕತೆ ಧೈರ್ಯ ಕೊಡುವುದಾದರೆ ಅದನ್ನೇಕೆ ಕೆದಕಬೇಕು? ಕೆದಕಬೇಕು, ಏಕೆಂದರೆ ಕೊಟ್ಟ ಧೈರ್ಯವನ್ನು ಇದೇ ಕತೆ ಮರುಗಳಿಗೆಯಲ್ಲೇ ಕಿತ್ತುಕೊಳ್ಳುತ್ತದೆ. ಛಲವಿದ್ದರೆ ಆಗಿಯೇ ಆಗುತ್ತದೆ ಎಂದರೆ, ಆಗದಿದ್ದವರಲ್ಲಿ ಛಲವಿರಲಿಲ್ಲ ಎಂದೂ ಹೇಳಿದಂತಾಯಿತು. ಪೋಲಿಯೋ ತಗಲಿದ ಲಕ್ಷಾಂತರ ಮಕ್ಕಳು ನಡೆಯದೇ ಹೋದದ್ದು ಮನಸ್ಸು ಸಾಲದೆ ಅಲ್ಲ. ಕೆಲವರಿಗೆ ರೋಗವೇ ತೀವ್ರವಾಗಿತ್ತು, ಕೆಲವರಿಗೆ ಆಸ್ಪತ್ರೆ ದೂರವಿತ್ತು, ಕೆಲವರಿಗೆ ಬಸ್ಸು ಹತ್ತಿಸುವವರಿರಲಿಲ್ಲ. ಆ ಮಗುವಿಗೂ ಆ ಮಗುವಿನ ತಾಯಿಗೂ ಅಪರಾಧಿ ಭಾವ ಹೊರಿಸುವ ಸ್ಫೂರ್ತಿ ನಮಗೆ ಬೇಡ.

ಇನ್ನೊಂದು ಆಕ್ಷೇಪ ಹೆಚ್ಚು ಸೂಕ್ಷ್ಮವಾದದ್ದು. ತಾಯಿ, ಅಕ್ಕಂದಿರು, ಮೇ ಫ್ಯಾಗ್ಸ್, ಟೆಂಪಲ್ ಎಂದು ಹಂಚುತ್ತಾ ಹೋದರೆ ವಿಲ್ಮಾ ಪಾಲಿಗೆ ಉಳಿಯುವುದೇನು? ಎಲ್ಲವೂ ಉಳಿಯುತ್ತದೆ. ಅದೇ ತರಬೇತುದಾರ, ಅದೇ ತಂಡ ಇನ್ನೂ ಎಷ್ಟೋ ಹುಡುಗಿಯರಿಗೆ ಸಿಕ್ಕಿತ್ತು, ಆ ಓಟವನ್ನು ಓಡಿದವಳು ಈಕೆ. ನೆರವು ಪಡೆದದ್ದರಿಂದ ಸಾಧನೆ ಸಣ್ಣದಾಗುತ್ತದೆ ಎಂಬ ನಂಬಿಕೆಯೇ ಛಲದ ಕತೆ ನಮಗೆ ಅಂಟಿಸಿದ ರೋಗ. ಟೈಗರ್‌ಬೆಲ್ಸ್ ತಂಡದಿಂದ 40 ಒಲಿಂಪಿಯನ್ನರು ಬಂದರು. ವಿಲ್ಮಾ ಬಿಟ್ಟ ಲೇನಿಗೆ ಬಂದ ವಯೋಮಿಯಾ ಟೈಯಸ್ 1964 ಮತ್ತು 1968ರಲ್ಲಿ ಸತತವಾಗಿ 100 ಮೀಟರ್ ಚಿನ್ನ ಗೆದ್ದರು. ಪವಾಡವಾಗಿದ್ದರೆ ಒಮ್ಮೆ ಆಗುತ್ತಿತ್ತು. ಇಲ್ಲಿದ್ದದ್ದು ಪದ್ಧತಿ, ಅದಕ್ಕೇ ಮತ್ತೆ ಮತ್ತೆ ಆಯಿತು.

ಆದ್ದರಿಂದ ವಿಲ್ಮಾ ಕತೆಯನ್ನು ಶಾಲೆಗಳಲ್ಲಿ ಹೇಳುವವರಲ್ಲಿ ನನ್ನ ಒತ್ತಾಯ ಇಷ್ಟು. ಹೇಳಿ, ಪೂರ್ತಿ ಹೇಳಿ. ಬಾಗಿಲು ಮುಚ್ಚಿದ ಊರನ್ನೂ ಬಾಗಿಲು ತೆರೆದ ಮೆಹಾರಿಯನ್ನೂ ಹೇಳಿ. ಹದಿನೆಂಟರ ತಾಯಿಯನ್ನು ಬಚ್ಚಿಡಬೇಡಿ. ಮೇ ಫ್ಯಾಗ್ಸ್ ಹೆಸರು ಹೇಳಿ. ಎರಡನೇ ತರಗತಿಯ ಮೇಷ್ಟ್ರಮ್ಮನನ್ನು ಚಿನ್ನ ಗೆದ್ದವಳ ಪಕ್ಕದಲ್ಲೇ ಕೂರಿಸಿ. ಹಾಗೆ ಕೇಳಿದ ಮಗು ತಾನೂ ಗಟ್ಟಿಯಾಗಿರಬೇಕು ಎಂದುಕೊಳ್ಳುವುದರ ಜೊತೆಗೆ ಯಾರಿಗೆ ತಾನು ಆಸರೆಯಾಗಬಹುದು ಎಂದೂ ಕೇಳಿಕೊಂಡೀತು. ವಿಲ್ಮಾ ಜೀವಮಾನವಿಡೀ ಕಲಿಸಿದ ಪಾಠ ಆ ಎರಡನೆಯದು.