ಕಂಡಿಷನರ್‌ಗೆ ಮೊದಲು ಅರ್ಥಿಂಗ್

ಪಾವಗಡದ ತಿರುಮಣಿಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಅಲ್ಲಿಯ ಕರೆಂಟು ಹೋಗುವುದು ಗ್ರಿಡ್‌ಗೆ. ಪಕ್ಕದೂರಿನ ಮನೆಗೆ ಎಷ್ಟು ವೋಲ್ಟೇಜ್ ಸಿಗಬೇಕೆಂದು ತೀರ್ಮಾನಿಸುವುದು ಬೀದಿಯ ಟಿ.ಸಿ. (ಟ್ರಾನ್ಸ್‌ಫಾರ್ಮರ್), ಅಲ್ಲಿಂದ ಎಳೆದ ತಂತಿಯ ಉದ್ದ, ಅದೇ ಲೈನಿನ ಮೋಟರುಗಳು. ಮಧುಗಿರಿ, ಶಿರಾ, ಕೊರಟಗೆರೆ ಕಡೆಯಲ್ಲೂ ಅಷ್ಟೆ. ಮನೆಯೂ ಬೋರ್‌ವೆಲ್ಲೂ ಒಂದೇ ಲೈನಿನಲ್ಲಿದ್ದರೆ ಮೋಟರುಗಳು ಶುರುವಾದಾಗ ದೀಪ ಡಿಮ್ ಆಗುತ್ತದೆ, ನಿಂತಾಗ ವೋಲ್ಟೇಜ್ ಏರುತ್ತದೆ. ಇಂಥಲ್ಲಿ ಒಳ್ಳೆಯ ಆಂಪ್ಲಿಫೈಯರ್ ಇಟ್ಟುಕೊಂಡವರಿಗೆ ಪವರ್ ಕಂಡಿಷನರ್ ಬೇಕೆನಿಸುವುದು ಸಹಜ. ಆದರೆ ಅದನ್ನು ಆರಿಸುವ ರೀತಿಯ ಬಗ್ಗೆ ನನ್ನ ತಕರಾರಿದೆ.

ಎಂಟು ಸಾಕೆಟ್, ಚಿನ್ನದ ಲೇಪ, ಮುಂದೊಂದು ನೀಲಿ ದೀಪ ನೋಡಿ ಜನ ದುಡ್ಡು ಕೊಡುತ್ತಾರೆ. ಸಾಮಾನ್ಯ ಪೆಟ್ಟಿಗೆಯೊಳಗೆ ಇರುವುದು ಒಂದು ಫಿಲ್ಟರ್, ಕೆಲವು ಎಂಒವಿಗಳು (ಮೆಟಲ್ ಆಕ್ಸೈಡ್ ವೇರಿಸ್ಟರ್). ಕ್ಷಣಮಾತ್ರದ ಸ್ಪೈಕನ್ನು ಎಂಒವಿ ತಡೆಯುತ್ತದೆ, ಲೋ ವೋಲ್ಟೇಜನ್ನು ಎತ್ತುವ ಶಕ್ತಿ ಅದಕ್ಕಿಲ್ಲ. ಲೈನಿನಲ್ಲಿ ನ್ಯೂಟ್ರಲ್ ಕಡಿದುಹೋದರೆ 230 ವೋಲ್ಟ್ ಇರಬೇಕಾದ ಕಡೆ 400ರ ಹತ್ತಿರ ನುಗ್ಗಬಹುದು. ಆಗ ಎಂಒವಿಯೇ ಸುಟ್ಟುಹೋಗುತ್ತದೆ. ವೋಲ್ಟೇಜಿನ ಏರಿಳಿತಕ್ಕೆ ನಮ್ಮ ಕಡೆ ಬೇಕಾದ್ದು ಹೈ ವೋಲ್ಟೇಜ್ ಕಟ್‌ಆಫ್ ಇರುವ ಒಳ್ಳೆಯ ಸ್ಟೆಬಿಲೈಸರ್. ರಿಲೇ ಇರುವುದು ಟಕ್ ಟಕ್ ಎನ್ನುತ್ತದೆ, ಮೆಲ್ಲನೆಯ ಆಲಾಪದ ನಡುವೆ ಅದು ಹಿಂಸೆ. ಕೈಗೆಟುಕಿದರೆ ಸರ್ವೋ ಕೊಳ್ಳಿ.

ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಿರುವುದು ಅರ್ಥಿಂಗನ್ನು. ಈ ತಾಲ್ಲೂಕುಗಳದ್ದು ಬಂಡೆಯ ನೆಲ, ಬೇಸಿಗೆಯಲ್ಲಿ ಮಣ್ಣು ಒಣಗಿ ಕರೆಂಟನ್ನೇ ಹೀರುವುದಿಲ್ಲ. ಇದ್ದಿಲು, ಉಪ್ಪು ತುಂಬಿದ ಗುಂಡಿಗೂ ಆಗಾಗ ನೀರು ಹಾಕಬೇಕು. ಅರ್ಥ್ ಇಲ್ಲದ ಮನೆಯಲ್ಲಿ ಕಂಡಿಷನರ್ ಇಟ್ಟರೆ ಅದರ ಫಿಲ್ಟರಿನ ಕೆಪಾಸಿಟರುಗಳು ಲೋಹದ ಕವಚಕ್ಕೇ ಒಂದಿಷ್ಟು ವೋಲ್ಟೇಜ್ ತರುತ್ತವೆ. ಬರಿಗಾಲಲ್ಲಿ ನಿಂತು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ಕಾವಲಿಗೆಂದು ತಂದ ಪೆಟ್ಟಿಗೆಯೇ ಶಾಕ್ ಕೊಡುವುದನ್ನು ನಾನು ಒಪ್ಪಲಾರೆ. ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಮೊದಲು ಅರ್ಥ್ ಪರೀಕ್ಷೆ ಮಾಡಿಸಿ.

ಸಾಕೆಟ್ ವಿಷಯ ಚಿಕ್ಕದು. ಎಲ್ಲ ದೇಶದ ಪಿನ್ನೂ ಹೊಗುವ ಅಗಲ ತೂತಿನದು ಬೇಡ. ಅದರ ಹಿಡಿತ ಸಡಿಲ, ಕಿಡಿ ಹಾರುತ್ತದೆ, ಪ್ಲಗ್ ಕಪ್ಪಾಗುತ್ತದೆ. ಐಎಸ್ 1293ರ ಗುರುತಿರುವ 16 ಆಂಪಿಯರ್‌ನ ಮೂರು ಪಿನ್ ಸಾಕೆಟ್ಟು ದೊಡ್ಡ ಆಂಪ್ಲಿಫೈಯರಿಗೆ ಸಾಕು.

ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದು ನಿಲ್ಲಿಸಲು ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಜೀವಕ್ಕೆ ಅಪಾಯ. ಎಲ್ಲ ಉಪಕರಣಗಳನ್ನೂ ಒಂದೇ ಬೋರ್ಡಿಗೆ ಕೊಟ್ಟು, ಕೇಬಲ್ ಟೀವಿಯ ವಯರನ್ನು ಒಮ್ಮೆ ಬಿಡಿಸಿ ಕೇಳಿ. ಬಹಳ ಮನೆಗಳಲ್ಲಿ ಆ ಸದ್ದು ಬರುವುದು ಅಲ್ಲಿಂದ.