ಕಾರಿನೊಳಗಿನ ಹಾಡು, ಕಿಟಕಿಯಾಚೆಯ ಮಲೆನಾಡು

ರಜೆ ಬಂತೆಂದರೆ ಬೆಂಗಳೂರಿನಿಂದ ಮಲೆನಾಡಿಗೆ ಹೊರಡುವ ಕುಟುಂಬಗಳು ಬಟ್ಟೆಬರೆಗಿಂತ ಮೊದಲು ಹಾಡುಗಳನ್ನು ಜೋಡಿಸಿಕೊಳ್ಳುತ್ತವೆ. ಫೋನಿನಲ್ಲಿ ಪ್ಲೇಲಿಸ್ಟ್ ಸಿದ್ಧವಾಗದೆ ಕಾರು ಗೇಟು ದಾಟುವುದಿಲ್ಲ. ಹಾಡಿದ್ದರೆ ಪ್ರವಾಸ ಮನಸ್ಸಿನಲ್ಲಿ ಉಳಿಯುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ನಂಬಿಕೆ ಸರಿಯಾದದ್ದೇ. ಆದರೆ ನಾವು ಹಾಡು ಕೇಳುತ್ತಿರುವ ಬಗೆಯೇ ಆ ನೆನಪಿಗೆ ಅಡ್ಡಬರುತ್ತಿದೆ.

ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನೇ ನೋಡಿ. ಎಲ್. ವೈದ್ಯನಾಥನ್ ಅದಕ್ಕೆ ಕೊಟ್ಟ ಶೀರ್ಷಿಕೆ ಸಂಗೀತ ಕಿವಿಗೆ ಬಿದ್ದರೆ ಸಾಕು, 80ರ ದಶಕದಲ್ಲಿ ದೂರದರ್ಶನ ನೋಡಿದವರಿಗೆ ಆ ಬೀದಿ, ಆ ಜಗಲಿ ಕಣ್ಣಿಗೆ ಕಟ್ಟುತ್ತವೆ. ಆಗುಂಬೆಗೆ ಕಾಲಿಡದವರಿಗೂ ಹಾಗೆಯೇ. ಆ ಧ್ವನಿ ಬೇರೆ ಯಾವುದಕ್ಕೂ ಹಂಚಿಹೋಗದೆ ಒಂದೇ ಲೋಕಕ್ಕೆ ಅಂಟಿಕೊಂಡಿದೆ. ಅದರ ಬಲವಿರುವುದು ಅಲ್ಲಿ. ನಮ್ಮ ಪ್ಲೇಲಿಸ್ಟಿನ ಹಾಡುಗಳಿಗೆ ಈ ಭಾಗ್ಯವಿಲ್ಲ. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲೂ ಮದುವೆ ಮನೆಯಲ್ಲೂ ಜಿಮ್ಮಿನಲ್ಲೂ ಕೇಳಿದ ಹಾಡು ಜೋಗದ ದಾರಿಯಲ್ಲಿ ಮತ್ತೊಮ್ಮೆ ಮೊಳಗಿದರೆ, ಮುಂದೆ ಅದು ಯಾವುದನ್ನು ನೆನಪಿಸೀತು? ಹತ್ತು ಸಂದರ್ಭಗಳಿಗೆ ಸೇರಿದ ಸುಳಿವು ಯಾವ ಸಂದರ್ಭವನ್ನೂ ಗಟ್ಟಿಯಾಗಿ ಎಳೆದು ತರಲಾರದು.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆಗುಂಬೆಗೆ ಹೋಗಿ, ಗಾಜು ಏರಿಸಿ, ಎ.ಸಿ. ಹಾಕಿ ಸ್ಪೀಕರ್ ಜೋರು ಮಾಡಿದರೆ ಜೀರುಂಡೆಯ ಶ್ರುತಿ ಕೇಳುವುದಿಲ್ಲ, ಒದ್ದೆ ತರಗೆಲೆಯ ವಾಸನೆ ಒಳಗೆ ಬರುವುದಿಲ್ಲ. ಮಿಕ್ಕ ಇಂದ್ರಿಯಗಳ ಸಂದೇಶ ಮಿದುಳಿನ ಥಲಾಮಸ್ ಎಂಬ ನಿಲ್ದಾಣದ ಮೂಲಕ ಸಾಗಿದರೆ, ವಾಸನೆ ಅದನ್ನು ಬಳಸದೆಯೇ ಭಾವನೆ ಮತ್ತು ನೆನಪಿನ ಕೇಂದ್ರಗಳಿಗೆ ತಲುಪುತ್ತದೆ. ಚಿಕ್ಕಮಗಳೂರಿನ ಕಡೆ ಮಾರ್ಚ್–ಏಪ್ರಿಲ್‌ನ ಹೂಮಳೆ ಬಿದ್ದು ವಾರ-ಹತ್ತು ದಿನಕ್ಕೆ ಕಾಫಿ ತೋಟ ಬೆಳ್ಳಗೆ ಅರಳುತ್ತದೆ. ಮಲ್ಲಿಗೆಯನ್ನು ಹೋಲುವ ಆ ಕಂಪು ಕೆಲವೇ ದಿನ. ಫೋನಿನಲ್ಲಿ ತುಂಬಿಕೊಂಡು ಬರಲಾಗದ ಇಂಥದ್ದನ್ನು ಬಿಟ್ಟು, ಮನೆಯಲ್ಲೇ ಸಿಗುವ ಹಾಡನ್ನು ಅಲ್ಲಿ ಕೇಳುವುದು ದುಃಖದ ಸಂಗತಿ. ನಾಲಗೆಗೂ ಪಾಲು ಕೊಡಬೇಕು. ಸಾಗರದ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಯೊಂದನ್ನು ಮನೆಗೆ ತಂದರೆ, ಅದರ ಮುಚ್ಚಳ ತೆರೆದಾಗಲೆಲ್ಲ ಘಮ್ಮೆಂದು ಆ ಊರೇ ಊಟಕ್ಕೆ ಬಂದು ಕೂರುತ್ತದೆ.

ಹಾಗಾದರೆ ಕಾರಿನಲ್ಲಿ ಹಾಡೇ ಬೇಡವೆ? ಖಂಡಿತ ಬೇಕು. ನಮ್ಮಲ್ಲಿ ಅದಕ್ಕೊಂದು ಒಳ್ಳೆಯ ಪದ್ಧತಿ ಮೊದಲಿನಿಂದಲೂ ಇದೆ: ಅಂತ್ಯಾಕ್ಷರಿ. ಅಜ್ಜಿ ದಾಸರ ಪದದಿಂದ ಶುರುಮಾಡುತ್ತಾರೆ, ಅಪ್ಪ ರಾಜ್‌ಕುಮಾರ್ ಹಾಡಿಗೆ ಹಾರುತ್ತಾರೆ, ಮಗಳು ನಿನ್ನೆಯ ಹೊಸ ಹಾಡು ತೆಗೆಯುತ್ತಾಳೆ. ಪಲ್ಲವಿ ತಪ್ಪುತ್ತದೆ, ಶ್ರುತಿ ಜಾರುತ್ತದೆ, ಅಕ್ಷರಕ್ಕಾಗಿ ಜಗಳವಾಗುತ್ತದೆ. ಈ ತಪ್ಪು, ಈ ಜಗಳವೇ ಆ ದಿನದ ಗುರುತು. ರೆಕಾರ್ಡಿನ ಹಾಡು ಎಂದೂ ತಪ್ಪುವುದಿಲ್ಲವಾದ್ದರಿಂದ ಅದಕ್ಕೆ ಆ ಗುರುತು ದಕ್ಕದು. ಒಂದು ಕೊರತೆಯನ್ನು ಒಪ್ಪಲೇಬೇಕು. ಕನ್ನಡದ ಹಾಡು ಹೆಚ್ಚು ಗೊತ್ತಿಲ್ಲದ ಮಕ್ಕಳು ಆಟದ ಹೊರಗುಳಿಯುತ್ತಾರೆ. ಅವರಿಗೆ ಬಂದ ಭಾಷೆಯ ಹಾಡನ್ನೂ ಲೆಕ್ಕಕ್ಕೆ ಹಿಡಿದರೆ ಆಟ ಕೆಡುವುದಿಲ್ಲ, ಬೆಳೆಯುತ್ತದೆ. ಒಬ್ಬೊಬ್ಬರೂ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತ ಕಾರಿಗಿಂತ ಇದು ಎಷ್ಟೋ ಮೇಲು.

ರೆಕಾರ್ಡಿನ ಹಾಡಿಗೂ ಜಾಗವಿದೆ. ತುಮಕೂರು ರಸ್ತೆಯ ಏಕತಾನದಲ್ಲಿ ಅದು ಡ್ರೈವ್ ಮಾಡುವವರಿಗೂ ಕೂತವರಿಗೂ ಆಸರೆ. ಆಗುಂಬೆ ಘಾಟಿಯ 14 ತಿರುವುಗಳಿಗೆ ಅದು ನಿಲ್ಲಬೇಕು. 253 ಮೀಟರ್ ಎತ್ತರದಿಂದ ಧುಮುಕುವ ಜೋಗದೆದುರು ಬ್ಲೂಟೂತ್ ಸ್ಪೀಕರ್ ಹಚ್ಚುವುದಂತೂ ಪಕ್ಕದವರ ಕಿವಿಯನ್ನೂ ಕಸಿದುಕೊಂಡಂತೆ.

ನನ್ನ ತೀರ್ಮಾನ ಇಷ್ಟು: ಪ್ರವಾಸದ ಸಂಗೀತ ಗೆಲ್ಲುವುದು ಹಾಡುಗಳ ಸಂಖ್ಯೆಯಿಂದಲ್ಲ, ಮಿತಿಯಿಂದ. ಹೊರಡುವ ಮುನ್ನ ಮನೆಯವರೆಲ್ಲ ಕೂಡಿ, ಅದುವರೆಗೆ ಹೆಚ್ಚು ಕೇಳಿರದ ಒಂದು ಹಾಡನ್ನು ಆರಿಸಲಿ. ಆಯ್ಕೆಯಲ್ಲಿ ಮಕ್ಕಳ ಮಾತು ನಡೆಯಲಿ. ಆ ಪ್ರವಾಸ ಮುಗಿದ ಮೇಲೆ ಅದನ್ನು ದಿನದ ಪಟ್ಟಿಗೆ ಸೇರಿಸದೆ ಕಾಪಾಡಲಿ. ಉಳಿದ ಹೊತ್ತು ಗಾಜು ಇಳಿಸಿರಲಿ. ಖರ್ಚಿಲ್ಲದ ಈ ಶಿಸ್ತಿಗೆ ಬೇಕಾದದ್ದು ಮನೆಮಂದಿಯ ಒಮ್ಮತ ಮಾತ್ರ.