ಕಾದ ಎಂಜಿನ್ ಮತ್ತು ಪಠ್ಯದ ಒಂದು ವಾಕ್ಯ

ಕಾರಿನ ರೇಡಿಯೇಟರಿನಲ್ಲಿ ನೀರನ್ನು ಏಕೆ ಬಳಸುತ್ತಾರೆ? ನಮ್ಮ ಪ್ರೌಢಶಾಲೆಯ ಮಕ್ಕಳು ಇದಕ್ಕೆ ನಿದ್ದೆಗಣ್ಣಿನಲ್ಲೂ ಉತ್ತರ ಹೇಳಬಲ್ಲರು: ನೀರಿನ ವಿಶಿಷ್ಟೋಷ್ಣ ಹೆಚ್ಚು. ಉತ್ತರ ತಪ್ಪಲ್ಲ. ಆದರೆ ಅದು ಎಷ್ಟು ಅಪೂರ್ಣ ಎಂಬುದು ನನಗೆ ಸರಿಯಾಗಿ ಮನವರಿಕೆಯಾದದ್ದು ಏಪ್ರಿಲ್ ತಿಂಗಳ ಒಂದು ಸಂಜೆ, ಕನಕಪುರ ರಸ್ತೆಯ ತಲಘಟ್ಟಪುರದಲ್ಲಿ.

ಮೆಟ್ರೋ ಮಾರ್ಗದ ಕೆಳಗೆ ವಾಹನಗಳ ಸಾಲು ಆಮೆಯಂತೆ ತೆವಳುತ್ತಿತ್ತು. ಕಾರಿನ ತಾಪಸೂಚಿಯ ಮುಳ್ಳು ಕೆಂಪು ಗೆರೆಯತ್ತ ಏರತೊಡಗಿತು. ಸಾಲು ಸ್ವಲ್ಪ ಸಡಿಲವಾಗಿ ಒಂದು ಕಿಲೋಮೀಟರ್ ಓಡಿಸಿದಾಗ ಮುಳ್ಳು ಇಳಿಯಿತು. ಮತ್ತೆ ನಿಂತಾಗ ಮತ್ತೆ ಏರಿತು. ಜೊತೆಯಲ್ಲಿದ್ದ ಬಿ.ಎಸ್ಸಿ. ವಿದ್ಯಾರ್ಥಿ ಕೇಳಿದ: "ನೀರಿನ ವಿಶಿಷ್ಟೋಷ್ಣ ಹೆಚ್ಚಲ್ವಾ ಸಾರ್, ಹಾಗಿದ್ರೂ ಯಾಕೆ ಕಾಯ್ತಿದೆ?" ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ, "ಥರ್ಮೋಸ್ಟಾಟ್ ತೆಗೆದು ಹಾಕ್ಬಿಡೋಣ ಸಾರ್, ನಮ್ಮ ಊರಿನ ಬಿಸಿಲಿಗೆ ಅದು ಬೇಕಾಗೇ ಇಲ್ಲ" ಎಂದರು. ಪಠ್ಯದ ಉತ್ತರ, ಗ್ಯಾರೇಜಿನ ಉತ್ತರ ಎರಡನ್ನೂ ಇಲ್ಲಿ ಪರಿಶೀಲಿಸೋಣ.

ಲೆಕ್ಕ ಏನು ಹೇಳುತ್ತದೆ?

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 32 ಮೆಗಾಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಲೀಟರಿಗೆ 15 ಕಿಲೋಮೀಟರ್ ಓಡುವ ಕಾರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದರೆ ಗಂಟೆಗೆ 4 ಲೀಟರ್ ಉರಿಸುತ್ತದೆ. ಅಂದರೆ ಸುಮಾರು 35 ಕಿಲೋವಾಟ್. ಇದರಲ್ಲಿ ಸ್ಥೂಲವಾಗಿ ಮೂರನೇ ಒಂದು ಭಾಗ ಹೊಗೆಕೊಳವೆಯಲ್ಲಿ ಹೋಗುತ್ತದೆ, ಇನ್ನೊಂದು ಭಾಗ ತಂಪುದ್ರವಕ್ಕೆ ಸೇರುತ್ತದೆ. ದ್ರವದ ಪಾಲನ್ನು 10 ಕಿಲೋವಾಟ್ ಎಂದೇ ಇಟ್ಟುಕೊಳ್ಳೋಣ. ಅಂದರೆ 2 ಕಿಲೋವಾಟಿನ ಐದು ಗೀಸರುಗಳು ಒಟ್ಟಿಗೆ ಕಾಯಿಸಿದಂತೆ!

ಈ ಉಷ್ಣವೆಲ್ಲ 5 ಲೀಟರ್ ನೀರಿನಲ್ಲೇ ಉಳಿಯಿತೆನ್ನಿ. ಅಷ್ಟು ನೀರಿನ ತಾಪ ಒಂದು ಡಿಗ್ರಿ ಏರಲು 21 ಕಿಲೋಜೂಲ್ ಸಾಕು. ಸೆಕೆಂಡಿಗೆ 10 ಕಿಲೋಜೂಲ್ ಬರುತ್ತಿದ್ದರೆ ತಾಪ ನಿಮಿಷಕ್ಕೆ 28 ಡಿಗ್ರಿಗೂ ಹೆಚ್ಚು ಏರುತ್ತದೆ. ನೀರಿನ ಬದಲು ಅದರ ಅರ್ಧದಷ್ಟು ವಿಶಿಷ್ಟೋಷ್ಣದ ದ್ರವವಿದ್ದರೆ ಅದೇ ಏರಿಕೆಗೆ ಅರ್ಧ ನಿಮಿಷ ಹಿಡಿಯುತ್ತದೆ. ಉಷ್ಣದ ಉಗ್ರಾಣವಾಗಿ ನೀರಿನ ವಿಶೇಷ ಗುಣ ನಮಗೆ ಗಳಿಸಿಕೊಟ್ಟದ್ದು ಅರ್ಧ ನಿಮಿಷ, ಅಷ್ಟೆ.

ಎಂಜಿನ್ ಗಂಟೆಗಟ್ಟಲೆ ಓಡುವುದು ಶೇಖರಣೆಯಿಂದಲ್ಲ, ಸಾಗಣೆಯಿಂದ. ಪಂಪು ದ್ರವವನ್ನು ರೇಡಿಯೇಟರಿಗೆ ಒಯ್ಯಬೇಕು, ಅಲ್ಲಿ ಗಾಳಿ ಉಷ್ಣವನ್ನು ಕೊಂಡೊಯ್ಯಬೇಕು. ವಿಶಿಷ್ಟೋಷ್ಣ ಹೆಚ್ಚಿದ್ದರೆ ಪ್ರತಿ ಕಿಲೋಗ್ರಾಮ್ ದ್ರವ ಹೆಚ್ಚು ಉಷ್ಣ ಹೊರುತ್ತದೆ, ನಿಜ. ಆದರೆ ಈ ಸರಪಳಿಯಲ್ಲಿ ಅದು ಒಂದು ಕೊಂಡಿ ಮಾತ್ರ. ಇಂದು ಕಾರುಗಳಲ್ಲಿ ಬಳಸುವ ಎಥಿಲೀನ್ ಗ್ಲೈಕಾಲ್ ಮತ್ತು ನೀರಿನ ಸಮಪಾಲು ಮಿಶ್ರಣದ ವಿಶಿಷ್ಟೋಷ್ಣ ನೀರಿಗಿಂತ ಕಡಿಮೆ. ಆದರೂ ಅದನ್ನು ಬಳಸುತ್ತಾರೆ; ಏಕೆಂದರೆ ಅದರ ಕುದಿಬಿಂದು ಹೆಚ್ಚು, ಅದರಲ್ಲಿರುವ ಸಂಯೋಜಕಗಳು ತುಕ್ಕನ್ನು ತಡೆಯುತ್ತವೆ. ಪಠ್ಯದ ವಾಕ್ಯವನ್ನಷ್ಟೇ ನಂಬಿದ ವಿದ್ಯಾರ್ಥಿಗೆ ಇದು ಒಗಟು.

ಮುಳ್ಳು ಯಾವಾಗ ಏರುತ್ತದೆ?

ರೋಗನಿದಾನದಲ್ಲಿ ಮೊದಲ ಪ್ರಶ್ನೆ ಇದೇ. ನಿಂತ ಕಾರಿನ ಎಂಜಿನ್ ಗಂಟೆಗೆ ಒಂದು ಲೀಟರಿನ ಆಸುಪಾಸು ಉರಿಸುತ್ತದೆ. ದ್ರವಕ್ಕೆ ಸೇರುವ ಉಷ್ಣ ಸುಮಾರು 3 ಕಿಲೋವಾಟ್. ಓಡುವಾಗಿನದಕ್ಕಿಂತ ಇದು ಎಷ್ಟೋ ಕಡಿಮೆ. ಆದರೂ ನಿಂತಾಗ ಕಾದು, ಓಡಿದಾಗ ತಣಿಯುತ್ತದೆ ಎಂದರೆ ದೋಷ ಉಷ್ಣದ ಉತ್ಪತ್ತಿಯಲ್ಲಿಲ್ಲ, ಗಾಳಿಯಲ್ಲಿದೆ. ಓಡುವಾಗ ಗಾಳಿ ತಾನಾಗಿ ನುಗ್ಗುತ್ತದೆ. ನಿಂತಾಗ ಫ್ಯಾನ್ ಒಂದೇ ಗತಿ. ಏಸಿ ಹಾಕಿದ್ದರೆ ರೇಡಿಯೇಟರಿನ ಮುಂದಿರುವ ಕಂಡೆನ್ಸರ್ ಗಾಳಿಯನ್ನು ಮೊದಲೇ ಬಿಸಿ ಮಾಡಿ ಕಳಿಸುತ್ತದೆ.

ಇದಕ್ಕೆ ವಿರುದ್ಧವಾಗಿ, ಪೇಟೆಯಲ್ಲಿ ಸರಿಯಿದ್ದು ಹೆದ್ದಾರಿಯಲ್ಲಿ ಅಥವಾ ಘಾಟಿ ಏರುವಾಗ ಕಾದರೆ ದ್ರವದ ಹರಿವನ್ನು ಶಂಕಿಸಬೇಕು: ಕಟ್ಟಿಕೊಂಡ ರೇಡಿಯೇಟರ್, ಸವೆದ ಪಂಪು, ಜಾರುವ ಬೆಲ್ಟು. ಬೋರ್‌ವೆಲ್‌ನ ಗಡಸು ನೀರನ್ನೇ ತುಂಬುತ್ತ ಬಂದವರಿಗೆ ಇದು ಸಾಮಾನ್ಯ. ಗೀಸರಿನಲ್ಲಿ ಕಟ್ಟುವ ಬಿಳಿ ಪದರವೇ ಇಲ್ಲೂ ಕಟ್ಟುತ್ತದೆ. ಅದರ ಉಷ್ಣವಾಹಕತೆ ಅಲ್ಯೂಮಿನಿಯಮ್ಮಿಗೆ ಹೋಲಿಸಿದರೆ ನಗಣ್ಯ. ಎಲ್ಲೂ ಸೋರದೆ ದ್ರವ ಕಡಿಮೆಯಾಗುತ್ತಿದ್ದು, ಬಿಳಿ ಹೊಗೆ ಬರುತ್ತಿದ್ದರೆ ಅಥವಾ ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯಂತಾಗಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು.

ರೇಡಿಯೇಟರಿನ ಮುಚ್ಚಳವನ್ನೂ ಕಡೆಗಣಿಸುವಂತಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯಲ್ಲೇ ಕುದಿಯುತ್ತದೆ. ಮುಚ್ಚಳದ ಸ್ಪ್ರಿಂಗ್ ಇನ್ನೊಂದು ವಾಯುಭಾರದಷ್ಟು ಒತ್ತಡ ಹಿಡಿದಿಟ್ಟರೆ ಕುದಿಬಿಂದು 118ರ ಆಸುಪಾಸಿಗೆ ಏರುತ್ತದೆ. ಸ್ಪ್ರಿಂಗ್ ಸೋತರೆ ಈ ಇಪ್ಪತ್ತು ಡಿಗ್ರಿಯ ರಕ್ಷಣೆ ಹೋದಂತೆಯೇ. ಬಿಸಿ ಎಂಜಿನ್ನಿನ ಮುಚ್ಚಳ ತೆಗೆಯಬಾರದೆನ್ನುವುದೂ ಇದಕ್ಕಾಗಿ: ಒತ್ತಡ ಇಳಿದೊಡನೆ 110 ಡಿಗ್ರಿಯ ದ್ರವ ಕ್ಷಣದಲ್ಲಿ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಥರ್ಮೋಸ್ಟಾಟ್ ಅಪರಾಧಿಯೇ?

ಥರ್ಮೋಸ್ಟಾಟ್‌ನೊಳಗಿನ ಮೇಣ ಸುಮಾರು 80ರಿಂದ 90 ಡಿಗ್ರಿಯ ನಡುವೆ ಕರಗಿ ಹಿಗ್ಗಿ ಕವಾಟವನ್ನು ತೆರೆಯುತ್ತದೆ. ಅದು ಮುಚ್ಚಿದಂತೆಯೇ ಸಿಕ್ಕಿಕೊಂಡಿದ್ದರೆ ದ್ರವ ರೇಡಿಯೇಟರಿಗೆ ಹೋಗುವುದೇ ಇಲ್ಲ. ಕಾರು ಓಡಿದರೂ ತಣಿಯುವುದಿಲ್ಲ. ನಮ್ಮ ಕಾರು ಓಡಿದಾಗ ತಣಿದಿತ್ತು. ಹಾಗಾಗಿ ಕವಾಟ ತೆರೆದೇ ಇತ್ತು. ಬಾನೆಟ್ ಎತ್ತುವ ಮೊದಲೇ ಈ ಆರೋಪಿ ನಿರಪರಾಧಿ ಎಂದು ತೀರ್ಮಾನಿಸಬಹುದಿತ್ತು. ಎಂಜಿನ್ ಕಾದಿದ್ದರೂ ಫ್ಯಾನ್ ತಿರುಗುತ್ತಿರಲಿಲ್ಲ. ಕೊನೆಗೆ ಕೆಟ್ಟಿದ್ದದ್ದು ಅದರ ರಿಲೇ.

ಥರ್ಮೋಸ್ಟಾಟ್ ತೆಗೆದಿದ್ದರೆ ಏನಾಗುತ್ತಿತ್ತು? ಎಂಜಿನ್ ಬಿಸಿಯಾಗಲು ತಡವಾಗಿ ಪೆಟ್ರೋಲ್ ಹೆಚ್ಚು ಉರಿಯುತ್ತಿತ್ತು, ಸವೆತ ಹೆಚ್ಚುತ್ತಿತ್ತು. ಕೆಲವು ಎಂಜಿನ್‌ಗಳಲ್ಲಿ ಇದೇ ಕವಾಟ ಅಡ್ಡಹಾದಿಯನ್ನೂ ಮುಚ್ಚುತ್ತದೆ. ಅಲ್ಲಿ ತೆಗೆದರೆ ದ್ರವದ ಒಂದು ಪಾಲು ರೇಡಿಯೇಟರನ್ನು ತಪ್ಪಿಸಿ ಸುತ್ತಿ, ಎಂಜಿನ್ ಇನ್ನಷ್ಟು ಕಾಯಬಹುದು. ತೆಗೆಯಬಾರದು ಎನ್ನುವ ಕೆಲವರು ಕೊಡುವ ಕಾರಣವೂ ತಪ್ಪೇ: ದ್ರವ ವೇಗವಾಗಿ ಹರಿದರೆ ತಣಿಯಲು ಸಮಯ ಸಾಲದಂತೆ. ಒಂದು ಸುತ್ತಿನಲ್ಲಿ ಸಮಯ ಕಡಿಮೆ, ನಿಜ. ಆದರೆ ಸುತ್ತುಗಳು ಅಷ್ಟೇ ಹೆಚ್ಚು. ಹರಿವು ಹೆಚ್ಚಿದರೆ ರೇಡಿಯೇಟರಿನ ಉದ್ದಕ್ಕೂ ದ್ರವ ಬಿಸಿಯಾಗಿಯೇ ಇದ್ದು, ಗಾಳಿಗೆ ಸೇರುವ ಉಷ್ಣ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು.

ಮೆಕ್ಯಾನಿಕ್‌ರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಯಾವ ಹೋಸ್ ಬಿಸಿ, ಯಾವುದು ತಣ್ಣಗೆ ಎಂದು ಕೈಯಿಂದ ಮುಟ್ಟಿ ನೋಡುವ ಅವರ ಪರೀಕ್ಷೆ ಒಳ್ಳೆಯ ಪ್ರಯೋಗವೇ. ಅವರಲ್ಲಿ ವೀಕ್ಷಣೆ ಇದೆ, ಅದನ್ನು ಜೋಡಿಸುವ ತತ್ತ್ವ ಇಲ್ಲ. ನಮ್ಮ ವಿದ್ಯಾರ್ಥಿಯಲ್ಲಿ ತತ್ತ್ವದ ವಾಕ್ಯ ಇದೆ, ವೀಕ್ಷಣೆ ಇಲ್ಲ. ಎರಡನೆಯ ಕೊರತೆಗೆ ಹೊಣೆ ನಾವು, ಅಧ್ಯಾಪಕರು.

ಆದ್ದರಿಂದ ನನ್ನ ಸಲಹೆ ಇಷ್ಟೆ. "ನೀರನ್ನು ಏಕೆ ಬಳಸುತ್ತಾರೆ?" ಎಂಬ ಪ್ರಶ್ನೆಯ ಪಕ್ಕದಲ್ಲಿ "ನಿಂತಾಗ ಕಾಯುವ, ಓಡಿದಾಗ ತಣಿಯುವ ಕಾರಿನಲ್ಲಿ ಯಾವ ಭಾಗ ಕೆಟ್ಟಿರಬಹುದು, ಯಾವುದು ಕೆಟ್ಟಿರಲಾರದು?" ಎಂದು ಕೇಳಿರಿ. ಇದಕ್ಕೆ ಯಾವ ಉಪಕರಣವೂ ಬೇಡ, ಒಂದು ಪೀರಿಯಡ್ ಸಾಕು. ಉತ್ತರ ಹುಡುಕುವಾಗ ವಹನ, ಸಂವಹನ, ಕುದಿಬಿಂದು, ಸ್ಥಿತಿಬದಲಾವಣೆ ಎಲ್ಲವೂ ತಾವಾಗಿಯೇ ತರಗತಿಗೆ ಬರುತ್ತವೆ.